ಹಳೆಯ ಫ್ರಿಜ್, ವಾಷಿಂಗ್ ಮಷೀನ್, ಗೀಸರ್: ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಫ್ರಿಜ್ ಕೆಟ್ಟ ದಿನ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ತಗೊಂಡು ಎಷ್ಟು ವರ್ಷ ಆಯ್ತು?" ಹತ್ತು ಅಂತ ಯಾರೋ ಹೇಳುತ್ತಾರೆ, ಅಲ್ಲಿಗೆ ತೀರ್ಮಾನ ಮುಗಿದೇ ಹೋಯಿತು. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಒಂದೇ ಬೇಸಿಗೆಯಲ್ಲಿ ಎರಡು ಮೂರು ಸಲ ಗ್ಯಾಸ್ ತುಂಬಿಸಿ, ಸುಸ್ತಾಗಿ, ಕೊನೆಗೆ ಹೊಸದನ್ನೇ ತರುತ್ತಾರೆ. ಮೊದಲನೆಯವರು ಒಂದು ರಿಲೇ (ಕಂಪ್ರೆಸರ್ ಶುರು ಮಾಡುವ ಪುಟ್ಟ ಸ್ವಿಚ್) ಹೋಗಿದ್ದಕ್ಕೆ ಇಡೀ ಫ್ರಿಜ್ಜನ್ನು ಗುಜರಿಗೆ ಕೊಟ್ಟಿರುತ್ತಾರೆ, ಎರಡನೆಯವರು ಜೀವ ಹೋದ ಯಂತ್ರಕ್ಕೆ ದುಡ್ಡು ಸುರಿದಿರುತ್ತಾರೆ.

ವಯಸ್ಸು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೆಟ್ಟಿರುವುದು ಯಾವ ಭಾಗ, ಅದು ಬಿಚ್ಚಿ ಬದಲಾಯಿಸುವಂಥದ್ದೋ ಅಥವಾ ಯಂತ್ರದ ಒಡಲೇ ಹೋಗಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ಗೀಸರ್‌ನ ಟ್ಯಾಂಕ್, ವಾಷಿಂಗ್ ಮಷೀನಿನ ಟಬ್, ಫ್ರಿಜ್ಜಿನ ಗೋಡೆಯೊಳಗಿನ ಪೈಪು ಇವೆಲ್ಲ ಒಡಲು. ಮಿಕ್ಕಿದ್ದು ಹೆಚ್ಚುಕಡಿಮೆ ಬಿಡಿಭಾಗ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರುವುದರಿಂದಲೇ ಹೆಚ್ಚಿನ ಜನ ಎಡವುವುದು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಲೈನ್ ಟೆಸ್ಟರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ಒಂದು ಬಿಳಿ ಬಕೆಟ್, ಒಂದು ಹಾಳೆ ಹಳೆಯ ನ್ಯೂಸ್‌ಪೇಪರ್, ಫೋಟೋ ತೆಗೆಯಲು ಫೋನು. ಇಷ್ಟು ಸಾಕು. ಮಲ್ಟಿಮೀಟರ್ ಬಳಸಿ ಅಭ್ಯಾಸ ಇಲ್ಲದಿದ್ದರೆ ವೋಲ್ಟೇಜ್ ನೋಡುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವೇ ಯಂತ್ರ ಬಿಚ್ಚಬೇಕಾದ ಸಂದರ್ಭ ಈ ಬರಹದಲ್ಲಿ ಎಲ್ಲೂ ಬರುವುದಿಲ್ಲ.

## ಹಂತ 1: ಮೊದಲು ಅಪಾಯದ ಲಕ್ಷಣ ನೋಡಿ

ಇವುಗಳಲ್ಲಿ ಒಂದು ಕಂಡರೂ ಪ್ಲಗ್ ಕಿತ್ತು ಪಕ್ಕಕ್ಕಿಡಿ. "ಇವತ್ತೊಂದಿನ ನಡೀಲಿ" ಅನ್ನಬೇಡಿ.

ಮುಟ್ಟಿದರೆ ಜುಮ್ಮೆನ್ನುವುದು ಅಥವಾ ಶಾಕ್ ಹೊಡೆಯುವುದು. ಸುಟ್ಟ ರಬ್ಬರಿನ ವಾಸನೆ. ಪ್ಲಗ್ ಪಿನ್ ಕಪ್ಪಾಗಿರುವುದು, ಸಾಕೆಟ್ ಕರಗಿರುವುದು. ಹಾಕಿದ ತಕ್ಷಣ ಎಂಸಿಬಿ ಅಥವಾ ಆರ್‌ಸಿಸಿಬಿ (ತೊಂದರೆ ಕಂಡರೆ ತಾವಾಗಿ ಕರೆಂಟ್ ಕಡಿಯುವ ಸ್ವಿಚ್‌ಗಳು) ಬೀಳುವುದು. ಗೀಸರ್‌ನ ಹೊರಕವಚದಿಂದ ನೀರು ಒಸರುವುದು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಅದನ್ನೇ ತೆಗೆಸಿ ಲೈನ್ ನೇರ ಮಾಡಿಸುವವರಿದ್ದಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಬೀಳುತ್ತಿದೆ ಎಂದರೆ ಎಲ್ಲಿಂದಲೋ ಕರೆಂಟ್ ಭೂಮಿಗೆ ಸೋರುತ್ತಿದೆ. ಸ್ನಾನದ ಮನೆಯಲ್ಲಿ ಆ ದಾರಿ ನಿಮ್ಮ ಮೈಯೂ ಆಗಬಹುದು.

ಎರಡು ವಸ್ತುಗಳಿಗೆ ಬೇರೆ ನಿಯಮ. ಮೈಕ್ರೋವೇವ್ ಓವನ್ನನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಅದರ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಇಟ್ಟುಕೊಂಡಿರುತ್ತದೆ. ಇನ್ನೊಂದು, ಬಚ್ಚಲಿನ ಒಳಗೇ ಇರುವ ಗ್ಯಾಸ್ ಗೀಸರ್. ಅದು ಚೆನ್ನಾಗಿ ನಡೆಯುತ್ತಿದ್ದರೂ ಅಲ್ಲಿಂದ ಹೊರಗೆ ಹೋಗಲೇಬೇಕು. ಗಾಳಿಯಾಡದ ಬಚ್ಚಲಲ್ಲಿ ಅದರಿಂದ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಇದರಲ್ಲಿ ರಿಪೇರಿಯ ಮಾತೇ ಬರುವುದಿಲ್ಲ.

## ಹಂತ 2: ಗೋಡೆಯಿಂದ ಶುರು ಮಾಡಿ

ಯಂತ್ರ ಕೆಟ್ಟಿದೆ ಅನ್ನುವ ಮೊದಲು ಅದಕ್ಕೆ ಸರಿಯಾದ ಕರೆಂಟ್, ಸರಿಯಾದ ನೀರು ಬರುತ್ತಿದೆಯೇ ನೋಡಿ.

ಅದೇ ಸಾಕೆಟ್‌ಗೆ ಬೇರೆ ವಸ್ತು ಹಾಕಿ ನೋಡಿ. ಆಮೇಲೆ ಯಂತ್ರವನ್ನು ಬೇರೆ ಸಾಕೆಟ್‌ಗೆ ಹಾಕಿ ನೋಡಿ, ಆದರೆ ಅದೂ ಅಷ್ಟೇ ಆಂಪಿನದ್ದಾಗಿರಲಿ. 2000 ವ್ಯಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ. ಅದಕ್ಕೆ 16 ಆಂಪಿನ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಸಲ್ಲದು.

ವೋಲ್ಟೇಜನ್ನು ಮಧ್ಯಾಹ್ನ ನೋಡಿ ಸುಮ್ಮನಾಗಬೇಡಿ. ಸಂಜೆ ಏಳರಿಂದ ಹತ್ತರ ಒಳಗೆ, ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಎಲ್ಲವೂ ಓಡುವಾಗ ಅಳೆಯಿರಿ. 230 ವೋಲ್ಟಿನ ಆಸುಪಾಸು ಇರಬೇಕು. 200ರ ಕೆಳಗೆ ಇಳಿಯುತ್ತಿದ್ದರೆ ಫ್ರಿಜ್ಜಿನ ಕಂಪ್ರೆಸರ್ ಶುರುವಾಗಲು ಹೋಗಿ, ಆಗದೆ, "ಟಿಕ್" ಎಂದು ನಿಲ್ಲಬಹುದು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಇದನ್ನು ಕೇಳಿದ ತಕ್ಷಣ "ಕಂಪ್ರೆಸರ್ ಹೋಗಿದೆ" ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಹೊಸ ಕಂಪ್ರೆಸರ್ ಹಾಕಿದರೂ ಅದೇ ವೋಲ್ಟೇಜಿನಲ್ಲಿ ಅದೇ ಟಿಕ್ ಕೇಳಿಸುತ್ತದೆ. ಇಲ್ಲಿ ಬೇಕಿರುವುದು ಸ್ಟೆಬಿಲೈಸರ್, ಜೊತೆಗೆ ವಿದ್ಯುತ್ ಕಂಪನಿಗೆ ಒಂದು ದೂರು.

ಮಲೆನಾಡು, ಕರಾವಳಿಯ ಓದುಗರಿಗೆ ಒಂದು ಮಾತು. ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆಯಲ್ಲಿ ಯಂತ್ರ ಏಕಾಏಕಿ ಸತ್ತು, ಪ್ಯಾನೆಲ್‌ನಲ್ಲಿ ಒಂದು ದೀಪವೂ ಉರಿಯದಿದ್ದರೆ ಮೊದಲ ಅನುಮಾನ ಪಿಸಿಬಿ, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಬರಲಿ. ಮೋಟಾರು, ಕಂಪ್ರೆಸರ್ ಎಷ್ಟೋ ಸಲ ಚೆನ್ನಾಗೇ ಇರುತ್ತವೆ. ಬೋರ್ಡ್ ಬದಲಿಸುವುದರ ಜೊತೆಗೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಮುಂದಿನ ಸಿಡಿಲಿಗೆ ಹೊಸ ಬೋರ್ಡೂ ಹೋಗಬಹುದು.

ನೀರಿನ ಕಡೆ: ವಾಷಿಂಗ್ ಮಷೀನಿಗೆ ನೀರೇ ಬರುತ್ತಿಲ್ಲವೆಂದರೆ ಹಿಂದಿನ ಪೈಪ್ ಬಿಚ್ಚಿ, ಇನ್‌ಲೆಟ್ ಬಾಯಲ್ಲಿರುವ ಪುಟ್ಟ ಜಾಲರಿ ನೋಡಿ. ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಅದು ಮಣ್ಣು ಕಟ್ಟಿ ಮುಚ್ಚಿಹೋಗುತ್ತದೆ. ಫ್ರಂಟ್ ಲೋಡ್‌ನಲ್ಲಿ ನೀರು ಹೊರಗೆ ಹೋಗದಿದ್ದರೆ ಕೆಳಗಿನ ಮೂಲೆಯ ಡ್ರೈನ್ ಫಿಲ್ಟರ್ ತಿರುಗಿಸಿ ತೆಗೆಯಿರಿ. ಅಲ್ಲಿ ಸಿಗುವುದು ಹೇರ್‌ಪಿನ್, ನಾಣ್ಯ, ಶರ್ಟಿನ ಗುಂಡಿ.

## ಹಂತ 3: ಯಂತ್ರದ ಜಾತಕ ಬರೆದುಕೊಳ್ಳಿ

ಹಿಂಭಾಗ ಅಥವಾ ಬಾಗಿಲ ಒಳಗಡೆ ಅಂಟಿಸಿರುವ ರೇಟಿಂಗ್ ಸ್ಟಿಕ್ಕರ್‌ನ ಫೋಟೋ ತೆಗೆಯಿರಿ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ತಯಾರಾದ ತಿಂಗಳು-ವರ್ಷ, ಫ್ರಿಜ್ ಆದರೆ ಗ್ಯಾಸಿನ ಹೆಸರೂ ತೂಕವೂ ಅದರಲ್ಲಿರುತ್ತವೆ.

ಬಿಲ್ಲು ಹುಡುಕಿ. ಅಂಗಡಿಯ ಥರ್ಮಲ್ ಕಾಗದದ ಬಿಲ್ಲು ಎರಡು ಮೂರು ವರ್ಷದಲ್ಲಿ ಬೆಳ್ಳಗಾಗಿರುತ್ತದೆ. ಹೊಸದು ಕೊಂಡ ದಿನವೇ ಫೋಟೋ ತೆಗೆದಿಡುವ ಅಭ್ಯಾಸ ಒಳ್ಳೆಯದು.

ವಾರಂಟಿಯನ್ನು ಪೂರ್ತಿ ಓದಿ. "ಕಂಪ್ರೆಸರ್ ಮೇಲೆ 10 ವರ್ಷ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಇರುವುದು, ಉಚಿತ ಸಿಗುವುದು ಕಂಪ್ರೆಸರ್ ಮಾತ್ರ. ಗ್ಯಾಸು, ಕೂಲಿ, ಸಾಗಣೆ ನಿಮ್ಮದು. ವಾಷಿಂಗ್ ಮಷೀನ್ ಮೋಟಾರಿನ ಕಥೆಯೂ ಇದೇ, ಮೋಟಾರನ್ನು ನಡೆಸುವ ಪಿಸಿಬಿ ಬೇರೆ ಲೆಕ್ಕ. ಹಾಗಿದ್ದರೂ ಇದು ದೊಡ್ಡ ಮೊತ್ತ. ಏಳನೇ ವರ್ಷದ ಫ್ರಿಜ್ಜಿಗೆ ವಾರಂಟಿ ಉಳಿದಿರುವುದು ಗೊತ್ತಿಲ್ಲದೆ ಹೊರಗಿನವರಿಂದ ಕಂಪ್ರೆಸರ್ ಹಾಕಿಸಿಕೊಂಡರೆ ಆ ಹಣ ವಾಪಸ್ ಬರುವುದಿಲ್ಲ.

ಕೊನೆಯದಾಗಿ ರೋಗಲಕ್ಷಣ. "ಕೆಲಸ ಮಾಡ್ತಿಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವಾಗ ಶುರುವಾಯಿತು, ಎಂಥ ಸದ್ದು, ದಿನವಿಡೀ ಇರುತ್ತದೋ ಬಿಟ್ಟು ಬಿಟ್ಟು ಬರುತ್ತದೋ, ಪರದೆಯ ಮೇಲೆ ಯಾವ ಎರರ್ ಕೋಡ್ ಬರುತ್ತಿದೆ ಎಂಬುದನ್ನು ಬರೆದಿಡಿ. ಸದ್ದು ಬರುತ್ತಿದ್ದರೆ ವಿಡಿಯೋ ಮಾಡಿಕೊಳ್ಳಿ. ಮೆಕ್ಯಾನಿಕ್ ಬಂದಾಗ ಯಂತ್ರ ಒಳ್ಳೆಯ ಹುಡುಗನ ಹಾಗೆ ನಡೆದುಕೊಳ್ಳುವುದು ಮಾಮೂಲು.

## ಹಂತ 4: ಕೆಟ್ಟಿದ್ದು ಬಿಡಿಭಾಗವೋ, ಒಡಲೋ?

### ಫ್ರಿಜ್

ಅತಿ ಹೆಚ್ಚು ದುಡ್ಡು ಪೋಲಾಗುವುದು ಇದರಲ್ಲೇ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಮೊದಲು ಬಾಗಿಲ ಗ್ಯಾಸ್ಕೆಟ್, ಅಂದರೆ ಅಂಚಿನ ರಬ್ಬರ್ ಪಟ್ಟಿ. ನ್ಯೂಸ್‌ಪೇಪರ್ ಹಾಳೆಯನ್ನು ಬಾಗಿಲಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಎಳೆದುಕೊಂಡು ಬರಬೇಕು. ನಾಲ್ಕೂ ಬದಿ ಹೀಗೆ ನೋಡಿ. ಒಂದು ಕಡೆ ಸಲೀಸಾಗಿ ಜಾರಿದರೆ ತಂಪು ಅಲ್ಲಿಂದಲೇ ಸೋರುತ್ತಿದೆ. ಗ್ಯಾಸ್ಕೆಟ್ ಬದಲಿಸುವುದು ಅಗ್ಗದ ಕೆಲಸ.

ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಮೇಲೆ ಫ್ರೀಜರ್ ತಣ್ಣಗಿದ್ದು, ಕೆಳಗೆ ತರಕಾರಿ ಬೆವರುತ್ತಿದೆಯೇ? ಎಲ್ಲ ಖಾಲಿ ಮಾಡಿ, ಪ್ಲಗ್ ತೆಗೆದು, ಬಾಗಿಲು ತೆರೆದು ಒಂದು ದಿನ ಪೂರ್ತಿ ಬಿಡಿ. ನೆಲಕ್ಕೆ ಹಳೇ ಬಟ್ಟೆ ಹಾಕಿ, ನೀರು ಬರುತ್ತದೆ. ಮತ್ತೆ ಹಾಕಿದ ಮೇಲೆ ಕೆಲವು ದಿನ ಚೆನ್ನಾಗಿ ತಂಪಾಗಿ, ಆಮೇಲೆ ಅದೇ ತೊಂದರೆ ಮರುಕಳಿಸಿದರೆ ಗ್ಯಾಸ್ ಸರಿಯಾಗೇ ಇದೆ ಎಂದರ್ಥ. ಒಳಗೆ ಐಸ್ ಕರಗಿಸುವ ಹೀಟರ್, ಸೆನ್ಸರ್ ಅಥವಾ ಟೈಮರ್ ಕೆಟ್ಟು, ಐಸ್ ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚಿದೆ. ಇದು ರಿಪೇರಿ, ಕಣ್ಣುಮುಚ್ಚಿ ಮಾಡಿಸಿ.

ದಿನವಿಡೀ ಕಂಪ್ರೆಸರ್ ಓಡುತ್ತಲೇ ಇದ್ದು ಫ್ರೀಜರಿನ ಒಂದು ಮೂಲೆ ಮಾತ್ರ ಹಿಮ ಕಟ್ಟುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು. ಇಲ್ಲಿಯೇ ಆ ಪ್ರಸಿದ್ಧ ಮಾತು ಬರುವುದು: "ಗ್ಯಾಸ್ ಖಾಲಿ ಆಗಿದೆ ಮೇಡಂ, ತುಂಬಿಸಿದ್ರೆ ಸರಿ ಹೋಗುತ್ತೆ."

ಫ್ರಿಜ್ಜಿನ ಗ್ಯಾಸ್ ಅಡುಗೆ ಗ್ಯಾಸಿನಂತೆ ಬಳಸಿ ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸಿದ್ದು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಹೊರಗೆ. ಕೇಳಬೇಕಾದ ಪ್ರಶ್ನೆಗಳು ಇವು: ಲೀಕ್ ಎಲ್ಲಿದೆ, ನೈಟ್ರೋಜನ್ ಪ್ರೆಷರ್ ಹಾಕಿ ನೋಡ್ತೀರಾ? ವ್ಯಾಕ್ಯೂಮ್ ಪಂಪ್ ತರ್ತೀರಾ? ಫಿಲ್ಟರ್ ಡ್ರೈಯರ್ ಬದಲಾಯಿಸ್ತೀರಾ? ಗ್ಯಾಸ್ ತೂಕ ಮಾಡಿ ಹಾಕ್ತೀರಾ? ಉತ್ತರ ತಡವರಿಸಿದರೆ ಬೇರೆಯವರನ್ನು ಕರೆಸಿ.

ತೂತು ಹಿಂಭಾಗದ ಹೊರ ಪೈಪಿನಲ್ಲೋ ಕಂಪ್ರೆಸರ್ ಬಳಿಯ ಜೋಡಣೆಯಲ್ಲೋ ಇದ್ದರೆ ರಿಪೇರಿ. ಗೋಡೆಯ ಫೋಮಿನೊಳಗೆ ಹುದುಗಿರುವ ಪೈಪಿನಲ್ಲಿದ್ದರೆ ಅದು ಒಡಲಿನ ರೋಗ. ಪಕ್ಕದ ಗೋಡೆ ಒಡೆದು ಹೊಸ ಪೈಪ್ ಎಳೆದು ಕೊಡುವವರಿದ್ದಾರೆ, ಆದರೆ ಎಂಟು ಹತ್ತು ವರ್ಷದ ಫ್ರಿಜ್ಜಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಐಸ್ ಕೀಳಲು ಚಾಕು ಹಾಕಿ ಫ್ರೀಜರ್ ತೂತಾಗಿದ್ದರೆ ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಯನ್ನೇ ಬದಲಾಯಿಸಬಹುದು. ಆಗ ಹಂತ 6ರ ಲೆಕ್ಕ ಮಾಡಿ ನೋಡಿ.

ಎಚ್ಚರಿಕೆ: ಸ್ಟಿಕ್ಕರ್ ಮೇಲೆ ಆರ್600ಎ ಎಂದಿದ್ದರೆ ಅದು ಐಸೋಬ್ಯುಟೇನ್, ಬೆಂಕಿ ಹತ್ತುವ ಅನಿಲ. ಅದರ ಕೆಲಸ ನಡೆಯುವಾಗ ಪಕ್ಕದಲ್ಲಿ ಒಲೆ, ದೀಪ, ಊದುಬತ್ತಿ ಯಾವುದೂ ಇರಬಾರದು, ಕಿಟಕಿ ತೆರೆದಿರಬೇಕು. ಅದರಲ್ಲಿ ತಿಳಿವಳಿಕೆ ಇರುವವರೇ ಮಾಡಬೇಕು. ಆ ಫ್ರಿಜ್ಜಿಗೆ ಬೇಕಾಗುವ ಗ್ಯಾಸ್ ಕೆಲವೇ ಹತ್ತು ಗ್ರಾಮ್‌ಗಳಷ್ಟು, ಅಂದಾಜಿನಲ್ಲಿ ತುಂಬುವ ವಸ್ತುವಲ್ಲ.

### ವಾಷಿಂಗ್ ಮಷೀನ್

ಪ್ಲಗ್ ತೆಗೆದು, ಖಾಲಿ ಡ್ರಮ್ ಅನ್ನು ಕೈಯಿಂದ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಹೋಗಿದೆ. ಫ್ರಂಟ್ ಲೋಡ್ ಆದರೆ ಡ್ರಮ್ಮಿನ ಮೇಲಿನ ಅಂಚು ಹಿಡಿದು ಎತ್ತಿ ನೋಡಿ. ಹೊರಗಿನ ಟಬ್ ಅಲ್ಲಾಡದೆ ಒಳಗಿನ ಡ್ರಮ್ ಮಾತ್ರ ಮೇಲೆ ಕೆಳಗೆ ಆಡಿದರೂ ಅದೇ. ಹಿಂಡುವಾಗ ವಿಮಾನ ಏರಿದ ಸದ್ದು, ಬಿಳಿ ಬಟ್ಟೆ ಮೇಲೆ ತುಕ್ಕಿನ ಅಥವಾ ಗ್ರೀಸಿನ ಕಲೆ ಇವು ಬೇರಿಂಗ್ ಜೊತೆ ಆಯಿಲ್ ಸೀಲೂ ಹೋಗಿರುವ ಗುರುತು.

ಬೇರಿಂಗ್‌ನ ಬೆಲೆ ಕಡಿಮೆ, ಅಲ್ಲಿಗೆ ತಲುಪುವ ಕೂಲಿ ಜಾಸ್ತಿ. ಕೆಲವು ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ ಟಬ್‌ನ ಎರಡು ಅರ್ಧಗಳನ್ನು ಅಂಟಿಸಿಯೇ ಬಿಟ್ಟಿರುತ್ತಾರೆ, ಬೇರಿಂಗ್ ಬೇಕೆಂದರೆ ಟಬ್ ಪೂರ್ತಿ ಕೊಳ್ಳಬೇಕು. ಟಬ್ ಬಿಚ್ಚಬಹುದೋ ಇಲ್ಲವೋ ಎಂದು ಮಾಡೆಲ್ ನಂಬರ್ ಹೇಳಿ ಮೊದಲೇ ಕೇಳಿ. ಬಿಚ್ಚಬಹುದಾದರೆ ರಿಪೇರಿ, ಇಲ್ಲದಿದ್ದರೆ ಬಹುತೇಕ ಹೊಸದೇ.

ಡ್ರೈನ್ ಪಂಪ್, ಇನ್‌ಲೆಟ್ ವಾಲ್ವ್, ಬೆಲ್ಟ್, ಬಾಗಿಲ ಲಾಕ್ ಇವು ಯಾವುದೇ ವಯಸ್ಸಿನ ಮಷೀನಿನಲ್ಲೂ ಬದಲಿಸಬಹುದಾದ ಭಾಗಗಳು. ಪಿಸಿಬಿ ನಡುವಿನದ್ದು. ಕಂಪನಿಯ ಹೊಸ ಬೋರ್ಡ್ ದುಬಾರಿ, ಆದರೆ ಬೆಂಗಳೂರಿನ ಎಸ್.ಪಿ. ರೋಡ್ ಥರದ ಕಡೆ ಬೋರ್ಡ್ ಮಟ್ಟದ ರಿಪೇರಿ ಮಾಡುವವರು ಸಿಗುತ್ತಾರೆ. ಕಳಿಸುವ ಮುನ್ನ ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಮಷೀನಿನ ತಳದ ಮುಚ್ಚಳವನ್ನೂ ನೋಡಿ. ಅದಿಲ್ಲದಿದ್ದರೆ ಇಲಿ ನುಗ್ಗಿ ವೈರ್ ಕಡಿದಿರುತ್ತದೆ, ಎಷ್ಟೋ "ಬೋರ್ಡ್ ಹೋಗಿದೆ" ಪ್ರಕರಣಗಳು ಅಲ್ಲೇ ಮುಗಿಯುತ್ತವೆ.

### ಗೀಸರ್

ಪ್ರಶ್ನೆ ಒಂದೇ: ನೀರು ಎಲ್ಲಿಂದ ಸೋರುತ್ತಿದೆ?

ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ತೊಟ್ಟು ತೊಟ್ಟಾಗಿ ಬೀಳುವುದು ಸಹಜ. ಬಿಸಿಯಾದ ನೀರು ಹಿಗ್ಗುತ್ತದೆ, ಆ ಒತ್ತಡ ಹೊರಗೆ ಹೋಗಲೇಬೇಕು. ತೊಟ್ಟಿಕ್ಕುತ್ತದೆ ಅಂತ ಅದನ್ನು ಎಂ-ಸೀಲ್ ಹಾಕಿ ಮುಚ್ಚಿದವರ ಮನೆಯಲ್ಲಿ ಗೀಸರ್ ಬಾಂಬ್ ಆಗಿ ಕೂತಿರುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಪೈಪ್ ಜೋಡಣೆಯಲ್ಲಿ ಸೋರಿದರೆ ಪ್ಲಂಬರ್ ಸಾಕು. ಎಲಿಮೆಂಟ್ ಕೂರುವ ಕಡೆ ಸೋರಿದರೆ ಗ್ಯಾಸ್ಕೆಟ್. ಕವಚದ ಕೆಳಗಿನ ಸಂದಿಯಿಂದ ಬರುತ್ತಿದ್ದು ಇವೆರಡೂ ಅಲ್ಲವೆಂದರೆ ಟ್ಯಾಂಕ್ ತೂತು. ವೆಲ್ಡಿಂಗ್ ಮಾಡಿಕೊಡುತ್ತೇನೆ ಎಂದವರಿಗೆ ನಮಸ್ಕಾರ ಹೇಳಿ ಕಳಿಸಿ. ಒಳಗಿನ ಗ್ಲಾಸ್ ಲೇಪನ ವೆಲ್ಡಿಂಗ್ ಶಾಖಕ್ಕೆ ಬಿರುಕು ಬಿಡುತ್ತದೆ, ಪಕ್ಕದಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ.

ಸೋರಿಕೆ ಶುರುವಾಗುವ ಮೊದಲೇ ತಿಳಿಯಲು ಬಿಳಿ ಬಕೆಟ್ ಪರೀಕ್ಷೆ ಇದೆ. ಬೆಳಗ್ಗೆ ಮೊದಲ ಬಿಸಿನೀರನ್ನು ಅದಕ್ಕೆ ಹಿಡಿಯಿರಿ. ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕಂದು ಬಣ್ಣಕ್ಕಿದ್ದರೆ ಟ್ಯಾಂಕಿನ ಒಳಗೆ ತುಕ್ಕು ಶುರುವಾಗಿದೆ. ಅಂಥ ಗೀಸರ್‌ಗೆ ಹೊಸ ಎಲಿಮೆಂಟ್ ಹಾಕಿಸಬೇಡಿ.

ನೀರು ಬಿಸಿಯೇ ಆಗದಿದ್ದರೆ, ಅಥವಾ ಹಾಕಿದೊಡನೆ ಆರ್‌ಸಿಸಿಬಿ ಬಿದ್ದರೆ ಥರ್ಮೋಸ್ಟಾಟ್, ಕಟ್‌ಔಟ್, ಎಲಿಮೆಂಟ್ ಈ ಮೂರರಲ್ಲೊಂದು. ಮೂರೂ ಅಗ್ಗ, ರಿಪೇರಿ ಮಾಡಿಸಿ. ಬಿಚ್ಚಿದಾಗ ಮೆಗ್ನೀಷಿಯಂ ಆನೋಡ್ ರಾಡ್ ಎಷ್ಟು ಉಳಿದಿದೆ ತೋರಿಸಲು ಹೇಳಿ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ಬರೀ ತಂತಿ ಉಳಿದಿದ್ದರೆ ಆಗಲೇ ಹೊಸದು ಹಾಕಿಸಿ. ಬೋರ್‌ವೆಲ್ ಗಡಸು ನೀರಿನ ಮನೆಯಲ್ಲಿ ಇದನ್ನು ವರ್ಷಕ್ಕೊಮ್ಮೆ ನೋಡಬೇಕು.

### ಚಿಕ್ಕಪುಟ್ಟವು

ಮಿಕ್ಸಿ ನಿಂತರೆ ಮಗುಚಿ ಹಾಕಿ, ತಳದ ಕೆಂಪು ಗುಂಡಿ ಒತ್ತಿ. ಓವರ್‌ಲೋಡ್ ಆಗಿ ಬಿದ್ದಿರುತ್ತದೆ. ಮೋಟಾರ್ ಓಡಿ ಬ್ಲೇಡ್ ತಿರುಗದಿದ್ದರೆ ಕಪ್ಲರ್. ಕಿಡಿ ಹಾರಿದರೆ ಕಾರ್ಬನ್ ಬ್ರಷ್. ಇವು ಪುಡಿಗಾಸಿನ ಕೆಲಸ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸುಟ್ಟಿದ್ದರೆ ಮಾತ್ರ ಹೊಸದರ ಬೆಲೆ ವಿಚಾರಿಸಿ. ವೆಟ್ ಗ್ರೈಂಡರ್ ಅನ್ನು ಕಲ್ಲು ಒಡೆಯುವವರೆಗೂ ರಿಪೇರಿ ಮಾಡಿಸಬಹುದು, ಬೆಲ್ಟೂ ಮೋಟಾರೂ ಬೇರೆಯಾಗಿ ಸಿಗುತ್ತವೆ. ಫ್ಯಾನ್ ನಿಧಾನವಾದರೆ ಕೆಪಾಸಿಟರ್ ಬದಲಿಸಿ. ಸದ್ದು ಮಾಡಿದರೆ ಬೇರಿಂಗ್. ವೈಂಡಿಂಗ್ ಸುಟ್ಟರೆ ಏನು ಮಾಡಬೇಕೆಂದು ಹಂತ 7ರಲ್ಲಿ ಹೇಳುತ್ತೇನೆ.

## ಹಂತ 5: ಮೆಕ್ಯಾನಿಕ್ ಕರೆಸಿ, ಅಂದಾಜು ಬರೆಸಿಕೊಳ್ಳಿ

ಫೋನಿನಲ್ಲೇ "ಹತ್ತು ವರ್ಷ ಆಗಿದ್ಯಾ? ಹೊಸದು ತಗೊಳ್ಳಿ" ಅನ್ನುವವರನ್ನೂ, ನೋಡದೆಯೇ ಬೆಲೆ ಹೇಳುವವರನ್ನೂ ಬಿಡಿ. ವಿಸಿಟಿಂಗ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೋ ಎಂದು ಮೊದಲೇ ಕೇಳಿ. ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಸರ್ವಿಸ್‌ಗೇ ಹೇಳಿ, ಆದರೆ ನಂಬರನ್ನು ಬಿಲ್ಲು ಅಥವಾ ಮ್ಯಾನ್ಯುವಲ್ ನೋಡಿ ತೆಗೆದುಕೊಳ್ಳಿ. ಇಂಟರ್‌ನೆಟ್ ಹುಡುಕಾಟದಲ್ಲಿ ಮೊದಲಿಗೆ ಬರುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ನಕಲಿಗಳೂ ಇರುತ್ತವೆ.

ಅಂದಾಜಿನಲ್ಲಿ ಪಾರ್ಟಿನ ಹೆಸರು, ಅದರ ಬೆಲೆ, ಕೂಲಿ, ಎಷ್ಟು ತಿಂಗಳ ಗ್ಯಾರಂಟಿ ಇವು ಬೇರೆ ಬೇರೆ ಸಾಲಿನಲ್ಲಿರಲಿ. ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರೂ ಸಾಕು. ಹಳೆಯ ಪಾರ್ಟ್ ನಿಮ್ಮ ಕೈಗೆ ಕೊಡಲು ಹೇಳಿ. "ಅಣ್ಣಾ, ತೆಗೆದಿದ್ದು ಇಲ್ಲೇ ಬಿಟ್ಟು ಹೋಗಿ" ಅಂದರೆ ಸಾಕು, ಸುಮ್ಮನೆ ಪಾರ್ಟ್ ಬದಲಿಸಿದೆ ಅನ್ನುವ ಆಟ ನಿಲ್ಲುತ್ತದೆ. ಇಡೀ ಬೋರ್ಡನ್ನೋ ಯಂತ್ರವನ್ನೋ ಹೊತ್ತೊಯ್ಯುವುದಾದರೆ ಫೋಟೋ ತೆಗೆದು, ಸೀರಿಯಲ್ ನಂಬರ್ ಬರೆದು, ಸಹಿ ಹಾಕಿಸಿಕೊಳ್ಳಿ.

ಪಾರ್ಟೇ ಸಿಗುವುದಿಲ್ಲ ಎಂದರೆ ಒಬ್ಬರ ಮಾತಿಗೆ ನಿಲ್ಲಬೇಡಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದ "ರೈಟ್ ಟು ರಿಪೇರ್" ಪೋರ್ಟಲ್‌ನಲ್ಲಿ ಅದಕ್ಕೆ ಸೇರಿರುವ ಕಂಪನಿಗಳ ಸರ್ವಿಸ್, ಬಿಡಿಭಾಗ, ವಾರಂಟಿ ವಿವರಗಳಿವೆ. ವಾರಂಟಿಯಲ್ಲಿದ್ದೂ ಸತಾಯಿಸುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

## ಹಂತ 6: ವರ್ಷದ ಬೆಲೆ ಹಾಕಿ ನೋಡಿ

"ಹೊಸದರ ಅರ್ಧಕ್ಕಿಂತ ಹೆಚ್ಚು ಖರ್ಚು ಬಂದರೆ ಹೊಸದು ತಗೋ" ಎಂಬ ಮಾತು ಚಾಲ್ತಿಯಲ್ಲಿದೆ. ಅದು ಒರಟು ಲೆಕ್ಕ. ಇನ್ನೆಷ್ಟು ವರ್ಷ ಬಾಳಿಕೆ ಬರುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹೀಗೆ ಮಾಡಿ: ಖರ್ಚನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ.

ಉದಾಹರಣೆಗೆ ಹೊಸ ಫ್ರಿಜ್ 28,000 ರೂಪಾಯಿ, ಹಳೆಯದಕ್ಕೆ 2,000 ಎಕ್ಸ್‌ಚೇಂಜ್ ಸಿಕ್ಕಿತು ಅಂದುಕೊಳ್ಳಿ. 26,000 ಅನ್ನು 10 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,600. ಹಳೆಯದಕ್ಕೆ ಕಂಪ್ರೆಸರ್, ಗ್ಯಾಸ್, ಕೂಲಿ ಸೇರಿ 7,500 ಆಗುತ್ತದೆ, ಇನ್ನು 4 ವರ್ಷ ಬರುತ್ತದೆ ಎಂದರೆ ವರ್ಷಕ್ಕೆ 1,875. ಮೇಲ್ನೋಟಕ್ಕೆ ರಿಪೇರಿಯೇ ಲಾಭ. ಆದರೆ ಕರೆಂಟ್ ಲೆಕ್ಕ ಇನ್ನೂ ಸೇರಿಲ್ಲ. ಅದು ಮುಂದಿನ ಹಂತ.

ಬಾಳಿಕೆ ಊಹಿಸುವಾಗ ಜಿಪುಣರಾಗಿ. ಹತ್ತು ದಾಟಿದ ಫ್ರಿಜ್ಜಿಗೆ, ಎಂಟು ದಾಟಿದ ವಾಷಿಂಗ್ ಮಷೀನ್ ಅಥವಾ ಗೀಸರ್‌ಗೆ ಎರಡು-ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯಬೇಡಿ. ಬೋರ್‌ವೆಲ್ ನೀರಾದರೆ ಗೀಸರ್‌ಗೆ ಇನ್ನೂ ಕಡಿಮೆ. ವಯಸ್ಸು ಬಳಕೆಗೆ ಬರುವುದು ಮುಖ್ಯವಾಗಿ ಇಲ್ಲಿ.

ಹಿಂದಿನ ರಿಪೇರಿಗಳನ್ನೂ ನೋಡಿ. ಒಂದೇ ಭಾಗ ಎರಡು ಸಲ ಹೋಗಿದ್ದರೆ ಯಂತ್ರವನ್ನು ಬೈಯಬೇಡಿ. ಮೂಲ ಕಾರಣವನ್ನು ಯಾರೂ ಹುಡುಕಿಲ್ಲ. ವೋಲ್ಟೇಜ್, ಇಲಿ, ಗಡಸು ನೀರು ಏನೋ ಒಂದಿದೆ. ಅದಿದ್ದಲ್ಲಿ ಹೊಸ ಯಂತ್ರವೂ ಹಾಗೇ ಆಗುತ್ತದೆ. ವರ್ಷದೊಳಗೆ ಬೇರೆ ಬೇರೆ ಭಾಗಗಳು ಒಂದರ ಹಿಂದೆ ಒಂದು ಹೋಗುತ್ತಿದ್ದರೆ ಮಾತ್ರ ಯಂತ್ರದ ಆಯಸ್ಸು ಮುಗಿಯಿತು ಎಂದು ತಿಳಿಯಿರಿ.

## ಹಂತ 7: ಕರೆಂಟ್ ಲೆಕ್ಕ ಸೇರಿಸಿ

ಹಳೆಯ ಫ್ರಿಜ್ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಹೊಸ ಉಪಕರಣ ಬೇಡ, ಮನೆಯ ಮೀಟರ್ ಸಾಕು. ರಾತ್ರಿ ಮಲಗುವಾಗ ಫ್ರಿಜ್ ಬಿಟ್ಟು ಮಿಕ್ಕೆಲ್ಲದರ ಸ್ವಿಚ್ ಆರಿಸಿ. ಯುಪಿಎಸ್, ರೂಟರ್, ಟಿವಿಯ ಸೆಟ್ ಟಾಪ್ ಬಾಕ್ಸ್ ಇವನ್ನು ಮರೆಯಬೇಡಿ. ಮೀಟರ್ ರೀಡಿಂಗನ್ನು ದಶಾಂಶದ ಸಮೇತ ಫೋಟೋ ತೆಗೆಯಿರಿ. ಬೆಳಗ್ಗೆ ಮತ್ತೆ ತೆಗೆಯಿರಿ. ಹತ್ತು ಗಂಟೆಯಲ್ಲಿ 0.6 ಯೂನಿಟ್ ಏರಿದ್ದರೆ ದಿನಕ್ಕೆ 1.44, ವರ್ಷಕ್ಕೆ ಸುಮಾರು 525 ಯೂನಿಟ್.

ನಿಮ್ಮ ಮೀಟರ್ ದಶಾಂಶ ತೋರಿಸದಿದ್ದರೆ ಅದರ ಮೇಲೆ ಮಿನುಗುವ ಕೆಂಪು ದೀಪ ನೋಡಿ. ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂದು ಮೀಟರ್ ಮುಖದ ಮೇಲೇ ಅಚ್ಚಾಗಿರುತ್ತದೆ. 3200 ಎಂದಿದ್ದು, ಫ್ರಿಜ್ ಓಡುವಾಗ ಒಂಬತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಆ ಹೊತ್ತಿನ ಬಳಕೆ 125 ವ್ಯಾಟ್. ಆದರೆ ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ಇದು ಆ ಕ್ಷಣದ ಅಂಕಿ ಮಾತ್ರ. ಇಡೀ ರಾತ್ರಿಯ ರೀಡಿಂಗ್ ಇದ್ದರೆ ಅದನ್ನೇ ನಂಬಿ.

ಹೊಸ ಫ್ರಿಜ್ಜಿನ ಸ್ಟಾರ್ ಲೇಬಲ್ ಮೇಲೆ ವರ್ಷದ ಯೂನಿಟ್ ಬರೆದಿರುತ್ತದೆ. ನಕ್ಷತ್ರ ಎಣಿಸುವುದನ್ನು ಬಿಟ್ಟು ಆ ಅಂಕಿ ಓದಿ. ನಕ್ಷತ್ರದ ಅಳತೆಗೋಲನ್ನು ಬಿಇಇ (ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಆಗಾಗ ಬಿಗಿ ಮಾಡುತ್ತದೆ, ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಈಗಿನ ಐದಲ್ಲ. ಹೊಸದು ವರ್ಷಕ್ಕೆ 250 ತಿಂದರೆ ವ್ಯತ್ಯಾಸ 275 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ವರ್ಷಕ್ಕೆ 1,650.

ಈಗ ಹಿಂದಿನ ಲೆಕ್ಕಕ್ಕೆ ಬನ್ನಿ. ಕಂಪ್ರೆಸರ್ ರಿಪೇರಿ 1,875, ಜೊತೆಗೆ ಹೆಚ್ಚುವರಿ ಕರೆಂಟ್ 1,650, ಒಟ್ಟು 3,525. ಹೊಸದು 2,600. ತಕ್ಕಡಿ ತಿರುಗಿತು, ಹೊಸದೇ ಮೇಲು. ಅದೇ ಫ್ರಿಜ್ಜಿಗೆ ಗ್ಯಾಸ್ಕೆಟ್ಟೂ ಥರ್ಮೋಸ್ಟಾಟೂ ಸೇರಿ 1,800 ಮಾತ್ರ, ಮೂರು ವರ್ಷ ಬರುತ್ತದೆ ಎಂದರೆ 600 ಮತ್ತು 1,650 ಸೇರಿ 2,250. ಇಲ್ಲಿ ರಿಪೇರಿ ಮೇಲು. ಕರೆಂಟ್ ಉಳಿಸುವುದಕ್ಕೇ ಅಂತ ಚೆನ್ನಾಗಿ ನಡೆಯುತ್ತಿರುವ ಫ್ರಿಜ್ ಬದಲಿಸುವುದು ಮಾತ್ರ ಲೆಕ್ಕಕ್ಕೆ ಬಾರದು. ಈ ಅಂಕಿಗಳಲ್ಲೇ ನೋಡಿದರೂ ಹಾಕಿದ ಹಣ ಮರಳಲು ಹದಿನೈದು ವರ್ಷ ದಾಟುತ್ತದೆ.

ಫ್ಯಾನಿನ ವಿಷಯ ಉಲ್ಟಾ. ಹಳೆಯ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನದ್ದು) 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಫ್ಯಾನಿನಲ್ಲಿ ವರ್ಷಕ್ಕೆ 197 ಯೂನಿಟ್, ಅಂದರೆ ಸುಮಾರು 1,180 ರೂಪಾಯಿ ಉಳಿಯುತ್ತದೆ. 3,000 ರೂಪಾಯಿಯ ಫ್ಯಾನ್ ಮೂರು ವರ್ಷದೊಳಗೆ ತನ್ನ ಬೆಲೆ ತೀರಿಸುತ್ತದೆ. ಆದ್ದರಿಂದ ವೈಂಡಿಂಗ್ ಸುಟ್ಟ ಹಳೆಯ ಫ್ಯಾನಿಗೆ ರೀವೈಂಡಿಂಗ್ ಬೇಡ. ಅಪರೂಪಕ್ಕೆ ತಿರುಗುವ ಅತಿಥಿ ಕೋಣೆಯ ಫ್ಯಾನಿಗೆ ಈ ಮಾತು ಅನ್ವಯಿಸದು.

ಗೃಹಜ್ಯೋತಿ ಇರುವ ಮನೆಗಳಲ್ಲಿ ಲೆಕ್ಕವೇ ಬೇರೆ. ಬಿಲ್ಲು ಸೊನ್ನೆ ಬರುತ್ತಿದ್ದರೆ ಉಳಿಸಿದ ಯೂನಿಟ್‌ನಿಂದ ನಿಮ್ಮ ಜೇಬಿಗೆ ಏನೂ ಬರುವುದಿಲ್ಲ, ಹಾಗಾಗಿ ಕರೆಂಟಿನ ಸಾಲನ್ನು ಸೊನ್ನೆ ಎಂದೇ ಹಿಡಿಯಿರಿ. ನಿಮಗೆ ನಿಗದಿಯಾದ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ಹಣ. 200 ದಾಟಿದ ತಿಂಗಳು ಇಡೀ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ 205, 210ಕ್ಕೆ ಬಂದು ನಿಲ್ಲುವ ಮನೆಯಲ್ಲಿ ತಿಂಗಳಿಗೆ ಇಪ್ಪತ್ತು ಯೂನಿಟ್ ಹೆಚ್ಚು ತಿನ್ನುವ ಹಳೆಯ ಫ್ರಿಜ್ ಸಾವಿರ ರೂಪಾಯಿ ಮೀರಿದ ಬಿಲ್ಲಿಗೆ ಕಾರಣವಾಗಬಹುದು. ಕಳೆದ ಹನ್ನೆರಡು ತಿಂಗಳ ಬಿಲ್ಲು ತೆಗೆದು ಯಾವ ತಿಂಗಳು 200ರ ಗಡಿಯಲ್ಲಿದ್ದೀರಿ ನೋಡಿ, ಆಮೇಲೆ ಮಾತಾಡಿ.

## ಹಂತ 8: ತೀರ್ಮಾನವಾದ ಮೇಲೆ

ರಿಪೇರಿ ಮಾಡಿಸಿದರೆ ಬಿಲ್ಲು, ಗ್ಯಾರಂಟಿ ತಾರೀಖು, ಬದಲಿಸಿದ ಪಾರ್ಟಿನ ಹೆಸರು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿ. ಗ್ಯಾರಂಟಿ ಮುಗಿಯುವ ವಾರದ ಮೊದಲು ಒಮ್ಮೆ ಎಲ್ಲ ಪ್ರೋಗ್ರಾಂ ಓಡಿಸಿ ನೋಡಿ. ಫ್ರಿಜ್ಜಿನ ಗ್ಯಾಸ್ ಕೆಲಸವಾಗಿದ್ದರೆ ಆ ರಾತ್ರಿಯ ಮೀಟರ್ ರೀಡಿಂಗ್ ಬರೆದಿಡಿ. ತಿಂಗಳ ನಂತರ ಅದೇ ಪರೀಕ್ಷೆಯಲ್ಲಿ ಅಂಕಿ ಏರಿದ್ದರೆ ಲೀಕ್ ಹಾಗೇ ಉಳಿದಿರಬಹುದು, ಗ್ಯಾರಂಟಿ ಇರುವಾಗಲೇ ಕರೆಸಿ.

ಹೊಸದು ತರುವುದಾದರೆ ಅಂಗಡಿಗೆ ಹೋಗುವ ಮುನ್ನ ಜಾಗದ ಅಳತೆ ತೆಗೆಯಿರಿ. ಯಂತ್ರ ಇಡುವ ಜಾಗ ಮಾತ್ರ ಸಾಲದು. ಮೆಟ್ಟಿಲ ತಿರುವು, ಬಾಗಿಲ ಅಗಲವೂ ಬೇಕು. ಅಂಗಡಿಯಲ್ಲಿ ಕೇಳಬೇಕಾದ್ದು ಹಂತ 4ರಿಂದಲೇ ಹುಟ್ಟುತ್ತದೆ: ಟಬ್ ಬಿಚ್ಚಬಹುದೇ, ಪಿಸಿಬಿಗೆ ಎಷ್ಟು ವರ್ಷ ವಾರಂಟಿ, ಕಂಪ್ರೆಸರ್ ವಾರಂಟಿಯಲ್ಲಿ ಗ್ಯಾಸ್ ಸೇರಿದೆಯೇ, ನಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ ಅಥವಾ ಜಿಲ್ಲಾ ಕೇಂದ್ರದಿಂದ ಬರಬೇಕೇ. ಕೊನೆಯದು ತಾಲ್ಲೂಕು, ಹಳ್ಳಿಗಳವರಿಗೆ ಬೆಲೆಗಿಂತ ಮುಖ್ಯ.

ಹಳೆಯದನ್ನು ಗುಜರಿಯವರಿಗೆ ಕೊಡುವ ಮೊದಲು ಎಕ್ಸ್‌ಚೇಂಜ್ ಬೆಲೆ ಕೇಳಿ. ಫ್ರಿಜ್ಜನ್ನು ಬೀದಿಯಲ್ಲಿ ಒಡೆದು ತಾಮ್ರ ತೆಗೆಯುವವರು ಗ್ಯಾಸನ್ನು ಗಾಳಿಗೇ ಬಿಡುತ್ತಾರೆ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಪಿಕಪ್ ಇದೆಯೇ ಕೇಳಿ. ಇಲ್ಲದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೆ ಕೊಡಿ.

ಕೆಟ್ಟ ಫ್ರಿಜ್ ಕೆಲವು ದಿನ ವರಾಂಡದಲ್ಲೋ ಕಾರ್ ಶೆಡ್ಡಿನಲ್ಲೋ ಕೂರುವುದಾದರೆ ಬಾಗಿಲು ಕಳಚಿಡಿ, ಆಗದಿದ್ದರೆ ಹಗ್ಗ ಬಿಗಿದು ಕಟ್ಟಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೊಕ್ಕರೆ ಹಳೆಯ ಲಾಕ್ ಇರುವ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.